ಗೆದ್ದೆತ್ತಿನ ಬಾಲ ಹಿಡಿದವರಿಗೂ ಸೋತ ತಂಡದ ಜೊತೆ ನಿಂತವರಿಗೂ: ಮಲೆನಾಡಿನ ಫುಟ್‌ಬಾಲ್ ಅಭಿಮಾನಿಗಳಿಗೆ ಒಂದು ಬಹಿರಂಗ ಪತ್ರ

ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿಗಳ ಫುಟ್‌ಬಾಲ್ ಪ್ರಿಯರಿಗೆ ನಮಸ್ಕಾರಗಳು.

2025ರ ಮೇ 31ರ ರಾತ್ರಿ ದುರ್ಗಿಗುಡಿಯಲ್ಲಿರುವ ಸ್ನೇಹಿತರೊಬ್ಬರ ಮನೆಯ ಮಹಡಿ ಕೋಣೆಯಲ್ಲಿ ನಾವು ಹತ್ತು ಹನ್ನೆರಡು ಮಂದಿ ಸೇರಿದ್ದೆವು. ಯುರೋಪಿನ ಕ್ಲಬ್ ತಂಡಗಳ ದೊಡ್ಡ ಕಪ್ಪಾದ ಚಾಂಪಿಯನ್ಸ್ ಲೀಗ್‌ನ ಫೈನಲ್ ಮ್ಯೂನಿಕ್‌ನಲ್ಲಿ ನಡೆಯುವುದಿತ್ತು. ನಮ್ಮಲ್ಲಿ ಅದು ಶುರುವಾಗುವಾಗ ಮಧ್ಯರಾತ್ರಿ ಹನ್ನೆರಡೂವರೆ. ಸ್ನೇಹಿತರ ಅಕ್ಕನ ಮಗ, ಎಂಜಿನಿಯರಿಂಗ್ ಎರಡನೆಯ ವರ್ಷದ ಹುಡುಗ, ಪ್ಯಾರಿಸ್ ಸೇಂಟ್ ಜರ್ಮೇನ್ (ಪಿಎಸ್‌ಜಿ) ತಂಡದ ಕಡುನೀಲಿ ಜೆರ್ಸಿ ತೊಟ್ಟು ಬಾಗಿಲ ಬಳಿಯ ಚಾಪೆಯ ಮೇಲೆ ಕುಳಿತಿದ್ದ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಅವನ ತಂಡ ಎರಡು ಗೋಲು ಹೊಡೆಯಿತು. ಅವನು ಎದ್ದು ನಿಂತು ಚಪ್ಪಾಳೆ ತಟ್ಟಿದಾಗ ನಮ್ಮ ವಯಸ್ಸಿನವರೊಬ್ಬರು, "ಯಾವಾಗಿಂದ ಮಾರಾಯ ನೀನು ಪಿಎಸ್‌ಜಿ? ಮೊದಲು ಬಾರ್ಸಿಲೋನಾ ಅಂಗಿ ಹಾಕ್ತಿದ್ದೆಯಲ್ಲ?" ಎಂದು ಕೇಳಿದರು. ಇನ್ನೊಬ್ಬರು, ಮೆಸ್ಸಿ ಬರುವುದಕ್ಕೆ ಮುಂಚೆ ಆ ತಂಡದಲ್ಲಿ ಆಡಿದ ನಾಲ್ವರ ಹೆಸರು ಹೇಳು ಎಂದರು. ಅವನು ಎರಡು ಹೆಸರು ಹೇಳಿ ನಿಂತುಬಿಟ್ಟ. "ಪ್ಲಾಸ್ಟಿಕ್ ಫ್ಯಾನ್", ಅಂದರೆ ಹುಸಿ ಅಭಿಮಾನಿ, ಎಂಬ ಮಾತು ಬಂತು, ಎಲ್ಲರೂ ನಕ್ಕರು. ವಿರಾಮದ ಹೊತ್ತಿಗೆ ಅವನು "ನಿದ್ದೆ ಬರ್ತಿದೆ ಮಾವ" ಎಂದು ಹೇಳಿ ಕೆಳಗಿಳಿದು ಹೋದ. ಪಂದ್ಯ 5-0ಯಲ್ಲಿ ಮುಗಿಯಿತು. ಆ ಕಪ್ಪಿನ ಫೈನಲ್‌ಗಳ ಚರಿತ್ರೆಯಲ್ಲೇ ಅಷ್ಟು ದೊಡ್ಡ ಅಂತರದ ಗೆಲುವು ಬೇರೆ ಇರಲಿಲ್ಲ, ಆ ತಂಡ ಅದನ್ನು ಗೆದ್ದದ್ದೂ ಅದೇ ಮೊದಲು. ತನ್ನ ತಂಡ 2-0 ಮುಂದಿರುವಾಗಲೇ ಆ ಹುಡುಗ ಎದ್ದು ಹೋಗಿದ್ದ. ನಾನು ಆ ಕೋಣೆಯಲ್ಲಿದ್ದೆ, ಬಾಯಿ ಬಿಡಲಿಲ್ಲ. ಅಂದು ಹೇಳಬೇಕಾಗಿದ್ದನ್ನು ಇಂದು ಎಲ್ಲರ ಮುಂದೆ ಹೇಳುತ್ತಿದ್ದೇನೆ.

ಗೆದ್ದೆತ್ತಿನ ಬಾಲ ಹಿಡಿಯುವವರ ಬಗ್ಗೆ ನಮ್ಮಲ್ಲಿ ಅನೇಕರಿಗಿರುವ ಬೇಸರ ನನಗೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಯಾರು ನಿಜವಾದ ಅಭಿಮಾನಿ ಎಂದು ತೀರ್ಮಾನಿಸಲು ನಾವು ಹಿಡಿದಿರುವ ಅಳತೆಗೋಲು ತಪ್ಪು ಎಂದು ನನಗೆ ಅನ್ನಿಸುತ್ತದೆ. ನಾವು ಶುರುವಿನ ದಿನವನ್ನು ಕೇಳುತ್ತೇವೆ. ಇಂಗ್ಲೆಂಡಿನ ಊರೊಂದರಲ್ಲಿ ಹುಟ್ಟಿದವನಿಗೆ ತಂಡ ಅಪ್ಪನಿಂದ ಬರುತ್ತದೆ, ಬೀದಿಯಿಂದ ಬರುತ್ತದೆ. ತುಂಗೆಯ ದಡದಲ್ಲಿ ಹುಟ್ಟಿದ ನಮಗೆ ಯಾವ ದೊಡ್ಡ ಫುಟ್‌ಬಾಲ್ ತಂಡವೂ ಹುಟ್ಟಿನಿಂದ ಬಂದದ್ದಲ್ಲ. ಅದು ಟಿ.ವಿ.ಯಲ್ಲಿ ಕಂಡು ನಾವೇ ಆರಿಸಿಕೊಂಡದ್ದು, ಮತ್ತು ಟಿ.ವಿ. ತೋರಿಸುತ್ತಿದ್ದದ್ದು ಗೆಲ್ಲುವವರನ್ನೇ.

ನನ್ನ ಸಂಗತಿಯನ್ನೇ ಹೇಳುತ್ತೇನೆ. 1990ರ ವಿಶ್ವಕಪ್ ಬಂದಾಗ ನನಗೆ ಹನ್ನೆರಡು ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಊರಿನಲ್ಲಿ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ; ಅಡಿಕೆ ಮರದ ತುದಿಗೆ ಆಂಟೆನಾ ಕಟ್ಟಿ ಆ ಮರವನ್ನು ಹಿತ್ತಿಲಲ್ಲಿ ನಿಲ್ಲಿಸಿದ್ದರು. ಜೂನ್ 8ರ ರಾತ್ರಿ ಮೊದಲ ಪಂದ್ಯ. ಹಿಂದಿನ ಸಲ ಕಪ್ ಗೆದ್ದವರು ಅರ್ಜೆಂಟೀನಾದವರು, ಮರಡೋನಾ ಎಂಬಾತ ಅದರಲ್ಲಿದ್ದಾನೆ ಎಂದಷ್ಟೇ ನನಗೆ ಗೊತ್ತಿತ್ತು, ಅಷ್ಟರಿಂದಲೇ ನಾನು ಅವರ ಕಡೆಯವನಾದೆ. ಮಳೆಗಾಲ ಆಗಷ್ಟೇ ಹಿಡಿದಿತ್ತು, ಕರೆಂಟು ಹೋಗಿ ಹೋಗಿ ಬರುತ್ತಿತ್ತು, ಗಾಳಿಗೆ ಆಂಟೆನಾ ತಿರುಗಿದಾಗಲೆಲ್ಲ ಯಾರಾದರೊಬ್ಬರು ಗೊರಬು ಹೊದ್ದು ಹೊರಗೆ ಹೋಗಿ ಮರ ತಿರುಗಿಸಿ "ಬಂತಾ? ಬಂತಾ?" ಎಂದು ಕೂಗುತ್ತಿದ್ದರು. ಒಮ್ಮೆ ಚಿತ್ರ ಮರಳಿ ಬರುವಾಗ ಕ್ಯಾಮರೂನ್ ಒಂದು ಗೋಲು ಹೊಡೆದಾಗಿತ್ತು. ಅವರ ಇಬ್ಬರು ಆಟಗಾರರಿಗೆ ಕೆಂಪು ಕಾರ್ಡ್ ಸಿಕ್ಕು ಒಂಬತ್ತೇ ಮಂದಿ ಉಳಿದರೂ ಅರ್ಜೆಂಟೀನಾ 0-1ರಿಂದ ಸೋತಿತು. ಅದೇ ತಂಡ ಜುಲೈ 8ರಂದು ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಗೂ 0-1ರಿಂದಲೇ ಸೋತಿತು. ಅಂದರೆ ನಾನು ಗೆದ್ದೆತ್ತಿನ ಬಾಲ ಹಿಡಿದೇ ಬಂದವನು. ನಾನು ಹಿಡಿದ ಮೇಲೆ ಆ ಎತ್ತು ಗೆಲ್ಲುವುದನ್ನು ಮರೆಯಿತು, ಅಷ್ಟೆ.

ಆಮೇಲಿನದನ್ನು ನನ್ನ ಓರಗೆಯವರು ಬಲ್ಲರು. 1994ರಲ್ಲಿ ರೊಮೇನಿಯಾ, 1998ರಲ್ಲಿ ನೆದರ್‌ಲೆಂಡ್ಸ್ ಹೊರಗಟ್ಟಿದವು. 2002ರಲ್ಲಿ ಗುಂಪಿನ ಹಂತವನ್ನೇ ದಾಟಲಿಲ್ಲ. 2006, 2010, 2014, ಮೂರು ಸಲವೂ ಜರ್ಮನಿ. ನಡುವಿನ ಸಲ 0-4, ಕೊನೆಯ ಸಲ ಫೈನಲ್‌ನಲ್ಲಿ. 2015 ಮತ್ತು 2016ರಲ್ಲಿ ಕೋಪಾ ಅಮೆರಿಕಾದ ಎರಡು ಫೈನಲ್‌ಗಳನ್ನೂ ಪೆನಾಲ್ಟಿಯಲ್ಲಿ ಚಿಲಿಗೆ ಬಿಟ್ಟುಕೊಟ್ಟರು. ಮಳೆಗಾಲದ ನಾಲ್ಕು ವರ್ಷಕ್ಕೊಮ್ಮೆಯ ಈ ಸೋಲು ನಮ್ಮ ಮನೆಯಲ್ಲಿ ಅಡಿಕೆಯ ಕೊಳೆ ರೋಗದಷ್ಟೇ ಪರಿಚಿತವಾಗಿಹೋಗಿತ್ತು. ಕೊಳೆ ಬಂದ ವರ್ಷ ಯಾರೂ ತೋಟ ಬಿಟ್ಟು ಹೋಗುವುದಿಲ್ಲ, ಮುಂದಿನ ಮಳೆಗೆ ಮೊದಲೇ ಬೋರ್ಡೋ ದ್ರಾವಣ ಕಲಸಿ ಮತ್ತೆ ಹೊಡೆಸುತ್ತಾರೆ. ತಂಡ ಬಿಡುವ ಯೋಚನೆ ನನಗೂ ಹಾಗೆಯೇ ಬರಲಿಲ್ಲ.

2022ರ ವಿಶ್ವಕಪ್, ನವೆಂಬರ್ 22, ಮಂಗಳವಾರ. ಮಧ್ಯಾಹ್ನ ಮೂರೂವರೆಗೆ ಶುರುವಾದ ಪಂದ್ಯದಲ್ಲಿ ಸೌದಿ ಅರೇಬಿಯಾ ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿತು. ಅದಕ್ಕೆ ಹಿಂದೆ ಸತತ 36 ಪಂದ್ಯಗಳಲ್ಲಿ ಸೋಲನ್ನೇ ಕಾಣದ ತಂಡ ಅದು. ಅಂದು ಸಂಜೆ ಗಾಂಧಿ ಬಜಾರಿಗೆ ಹೋದಾಗ, ಜೆರ್ಸಿ ಮಾರುವ ಅಂಗಡಿಯವರು ಕೋಲಿನಿಂದ ಬಿಳಿ-ತಿಳಿನೀಲಿ ಪಟ್ಟೆಯ ಅಂಗಿಗಳನ್ನು ಮುಂದಿನ ಕೊಕ್ಕೆಯಿಂದ ಇಳಿಸಿ ಅಲ್ಲಿ ಬ್ರೆಜಿಲ್‌ನ ಹಳದಿಯನ್ನು ತೂಗುಹಾಕುತ್ತಿದ್ದರು. ಅವರದು ವ್ಯಾಪಾರ, ಅದರಲ್ಲಿ ತಪ್ಪಿಲ್ಲ. ಅಲ್ಲಿಂದ ನಾಲ್ಕು ಹೆಜ್ಜೆ ದೂರದ ಹೂವಿನ ಅಂಗಡಿಯಲ್ಲಿ ಹದಿನೈದರ ಆಸುಪಾಸಿನ ಹುಡುಗನೊಬ್ಬ ಅದೇ ಪಟ್ಟೆಯ ಹಳೆಯ ಅಂಗಿ ತೊಟ್ಟು ಸೇವಂತಿಗೆ ಮಾರು ಅಳೆಯುತ್ತಿದ್ದ. ಬೆನ್ನ ಮೇಲಿನ 10ರಲ್ಲಿ ಸೊನ್ನೆಯ ಅರ್ಧ ಉದುರಿಹೋಗಿತ್ತು. "ಇವತ್ತೂ ಹಾಕ್ಕೊಂಡಿದೀಯಲ್ಲೋ?" ಎಂದು ಕೇಳಿದೆ. ಅವನು ಮಾಲೆಯಿಂದ ಕಣ್ಣು ತೆಗೆಯದೆ, "ಇನ್ನೂ ಎರಡು ಮ್ಯಾಚ್ ಇದಾವಲ್ಲ ಸಾರ್" ಎಂದ.

ಡಿಸೆಂಬರ್ 9ರಂದು ಬ್ರೆಜಿಲ್ ಕ್ರೊಯೇಷಿಯಾಕ್ಕೆ ಪೆನಾಲ್ಟಿಯಲ್ಲಿ ಸೋತಿತು. ಡಿಸೆಂಬರ್ 18ರ ಭಾನುವಾರ ರಾತ್ರಿ ನಮ್ಮ ಬಡಾವಣೆಯಲ್ಲಿ ಪರದೆ ಕಟ್ಟಿ ಫೈನಲ್ ತೋರಿಸಿದಾಗ ಹಳದಿ ಅಂಗಿ ಒಂದೂ ಇರಲಿಲ್ಲ, ಪಟ್ಟೆಯ ಅಂಗಿಗಳು ನೂರಾರು ಇದ್ದವು, ಅನೇಕವು ಇನ್ನೂ ಮಡಿಕೆ ಬಿಚ್ಚದ ಹೊಸ ಅಂಗಿಗಳು. ಎದುರಾಳಿ ಫ್ರಾನ್ಸ್‌ನ ಎಂಬಾಪೆ ಎರಡು ನಿಮಿಷದೊಳಗೆ ಎರಡು ಗೋಲು ಹೊಡೆದು 2-2 ಮಾಡಿದಾಗ ಆ ಗುಂಪಿನಲ್ಲಿ ಕೆಲವರು ಫ್ರಾನ್ಸ್ ಪರ ಕೂಗಲು ತೊಡಗಿದ್ದನ್ನೂ ಕೇಳಿದೆ. ಕೊನೆಗೆ 3-3ರ ನಂತರ ಪೆನಾಲ್ಟಿಯಲ್ಲಿ ಅರ್ಜೆಂಟೀನಾ ಗೆದ್ದಿತು, 36 ವರ್ಷಗಳ ಮೇಲೆ. ಸುತ್ತ ಕುಣಿಯುತ್ತಿದ್ದವರ ಮೇಲೆ ನನಗೆ ಕೋಪ ಬರಲಿಲ್ಲ. ಕುಣಿಯುವ ಶಕ್ತಿಯೇ ನನ್ನಲ್ಲಿ ಉಳಿದಿರಲಿಲ್ಲ, ಅಲ್ಲೇ ಕಲ್ಲಿನ ಮೇಲೆ ಕುಳಿತು ಅತ್ತೆ. ಮರುದಿನ ಬೆಳಿಗ್ಗೆ ಹೂವಿನ ಅಂಗಡಿಗೆ ಹೋದೆ. ಹುಡುಗ ಅದೇ ಅಂಗಿಯಲ್ಲಿದ್ದ. ಸೊನ್ನೆ ಪೂರ್ತಿ ಉದುರಿಹೋಗಿ 1 ಮಾತ್ರ ಉಳಿದಿತ್ತು.

ಆ ಹುಡುಗನೂ ನಾನೂ ಅರ್ಜೆಂಟೀನಾವನ್ನು ಹಿಡಿದ ದಿನ ಮಡಿಕೆ ಬಿಚ್ಚದ ಅಂಗಿಯವರಿಗಿಂತ ಬೇರೆಯೇನೂ ಆಗಿರಲಿಲ್ಲ. ವ್ಯತ್ಯಾಸ ಹುಟ್ಟಿದ್ದು ನವೆಂಬರ್ 22ರ ಸಂಜೆ. ಆದ್ದರಿಂದ "ಯಾವಾಗಿಂದ?" ಎಂದು ಕೇಳುವವರಿಗೆ ನನ್ನ ವಿನಂತಿ ಇಷ್ಟೇ: ಸೋತ ಸಂಜೆ ಬರುವವರೆಗೆ ಕಾಯಿರಿ. ಹೊಸಬರಿಗೆ ನನ್ನ ವಿನಂತಿ ಇನ್ನೂ ಸರಳ: ಆ ಸಂಜೆ ಬಂದಾಗ ಅಂಗಿ ಬದಲಿಸಬೇಡಿ.

ಇದು ನಮ್ಮಿಂದ ಆಗದ ಕೆಲಸವೆಂದು ಯಾರೂ ಹೇಳಲಾರರು. "ಈ ಸಲ ಕಪ್ ನಮ್ದೇ" ಎಂದು ಕನ್ನಡಿಗರು 2008ರಿಂದ ಎಷ್ಟು ವರ್ಷ ಹೇಳಿಕೊಂಡು ಬಂದರು! 2009, 2011, 2016ರಲ್ಲಿ ಆರ್‌ಸಿಬಿ ಫೈನಲ್‌ನಲ್ಲಿ ಸೋತಿತು. 2017ರಲ್ಲಿ ಕೋಲ್ಕತ್ತದಲ್ಲಿ 49 ರನ್ನಿಗೆ ಆಲೌಟಾದ ರಾತ್ರಿಯ ಮರುದಿನವೂ ನೆಹರೂ ರಸ್ತೆಯಲ್ಲಿ ಕೆಂಪು ಅಂಗಿಗಳು ಓಡಾಡುತ್ತಿದ್ದವು. ಹದಿನೆಂಟನೆಯ ಆವೃತ್ತಿಯಲ್ಲಿ, 2025ರ ಜೂನ್ 3ರಂದು, ಕಪ್ ಬಂತು. ಮರುದಿನ ಬೆಂಗಳೂರಿನ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡ ದುಃಖ ಆ ಗೆಲುವಿಗೆ ಅಂಟಿಕೊಂಡೇ ಇರುತ್ತದೆ. ಅವರನ್ನು ನೆನೆಯದೆ ಆ ಕಪ್ಪಿನ ಮಾತು ಆಡಲು ನನಗೆ ಮನಸ್ಸಾಗುವುದಿಲ್ಲ. ಅಷ್ಟು ವರ್ಷ ಕಾದವರು ನಾವು. ಕ್ರಿಕೆಟ್‌ನಲ್ಲಿ ಇಷ್ಟು ಗಟ್ಟಿ ಇರುವ ನಾವು ಫುಟ್‌ಬಾಲಿಗೆ ಬಂದೊಡನೆ ಪ್ರತಿ ಆಗಸ್ಟಿನಲ್ಲಿ ಅಂಕಪಟ್ಟಿ ನೋಡಿಕೊಂಡು ತಂಡ ಆರಿಸುವುದೇಕೆ? ದೂರ ಎಂಬುದೊಂದು ಕಾರಣವಿರಬಹುದು. ಮ್ಯಾಂಚೆಸ್ಟರಿನ ತಂಡ ಸೋತರೆ ಶಿವಮೊಗ್ಗದಲ್ಲಿ ನಮ್ಮ ಮುಖ ನೋಡಿ ಯಾರೂ ಅದನ್ನು ನೆನಪಿಸುವುದಿಲ್ಲ, ಬಿಟ್ಟುಹೋದರೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ.

ಆದರೆ ಆ ದೂರದ ತಂಡಕ್ಕೂ ಒಂದು ಊರಿದೆ, ಅಲ್ಲಿ ಲೆಕ್ಕ ಇಟ್ಟವರಿದ್ದಾರೆ. ಇಂದು ನಮ್ಮ ಕಾಲೇಜುಗಳಲ್ಲಿ ತಿಳಿನೀಲಿ ತೊಡುವ ಮ್ಯಾಂಚೆಸ್ಟರ್ ಸಿಟಿ ಅಭಿಮಾನಿಗಳು ಒಂದು ಸಂಗತಿ ತಿಳಿದಿರಬೇಕು. 1998-99ರಲ್ಲಿ ಆ ತಂಡ ಇಂಗ್ಲೆಂಡಿನ ಮೂರನೆಯ ದರ್ಜೆಯಲ್ಲಿ ಆಡುತ್ತಿತ್ತು. ಮೇ 30, 1999ರಂದು ವೆಂಬ್ಲಿಯಲ್ಲಿ ಗಿಲ್ಲಿಂಗ್‌ಹ್ಯಾಮ್ ಎಂಬ ಸಣ್ಣ ತಂಡದ ಎದುರು ತೊಂಬತ್ತನೆಯ ನಿಮಿಷದವರೆಗೂ 0-2 ಹಿಂದಿತ್ತು. ಕೊನೆಯ ಕ್ಷಣಗಳಲ್ಲಿ ಎರಡು ಗೋಲು ಹೊಡೆದು, ಪೆನಾಲ್ಟಿಯಲ್ಲಿ ಗೆದ್ದು, ಎರಡನೆಯ ದರ್ಜೆಗೆ ಏರಿತು. ಅಬುಧಾಬಿಯ ಹಣ ಬಂದದ್ದು 2008ರಲ್ಲಿ, ಒಂದೇ ಋತುವಿನಲ್ಲಿ ಮೂರು ದೊಡ್ಡ ಕಪ್ ಗೆದ್ದದ್ದು 2023ರಲ್ಲಿ. ಗಿಲ್ಲಿಂಗ್‌ಹ್ಯಾಮ್ ಎಂಬ ಹೆಸರು ಕೇಳಿದರೆ ಅಲ್ಲಿನ ಹಳಬರಿಗೆ ಇಂದಿಗೂ ಎದೆ ಬಡಿತ ಏರುತ್ತದೆ. ಗೆಲುವಷ್ಟನ್ನೇ ತೆಗೆದುಕೊಂಡವರಿಗೆ ಆ ಹೆಸರು ಏನನ್ನೂ ಹೇಳುವುದಿಲ್ಲ, ಅದು ಅವರಿಗೇ ನಷ್ಟ.

ಈಗ ಹತ್ತಿರದ ಮಾತು. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ ಮೊದಲ ಋತುವಿನಲ್ಲೇ ದೇಶದ ಅಂದಿನ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದ ತಂಡ. ಆಗ ಶಿವಮೊಗ್ಗದಲ್ಲೂ ನೀಲಿ ಅಂಗಿಗಳು ಕಂಡವು. 2018ರಲ್ಲಿ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಅಂಕಪಟ್ಟಿಯಲ್ಲಿ ಮೊದಲಿಗರಾಗಿದ್ದರೂ ತಮ್ಮದೇ ಕಂಠೀರವ ಕ್ರೀಡಾಂಗಣದ ಫೈನಲ್‌ನಲ್ಲಿ ಚೆನ್ನೈಯಿನ್‌ಗೆ 2-3ರಿಂದ ಸೋತರು. ಮರುವರ್ಷ ಮುಂಬೈಯಲ್ಲಿ ಹೆಚ್ಚುವರಿ ಅವಧಿಯ ಕೊನೆಯಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದೇ ಗೋಲಿನಿಂದ ಗೋವಾವನ್ನು ಸೋಲಿಸಿ ಕಪ್ ತಂದರು. 2023-24ರಲ್ಲಿ ಹನ್ನೆರಡು ತಂಡಗಳಲ್ಲಿ ಹತ್ತನೆಯ ಸ್ಥಾನಕ್ಕೆ ಇಳಿದರು. ಆ ಋತುವಿನ ಕೊನೆಯಲ್ಲಿ, ಯುಗಾದಿ ಕಳೆದ ಎರಡನೆಯ ದಿನ, ಏಪ್ರಿಲ್ 11ರಂದು, ಅಣ್ಣನ ಮಗನನ್ನು ಕರೆದುಕೊಂಡು ಕೋಲ್ಕತ್ತದ ಮೋಹನ್ ಬಾಗಾನ್ ತಂಡದ ಎದುರಿನ ಪಂದ್ಯ ನೋಡಲು ಬಸ್ಸು ಹತ್ತಿದೆ. ಗೆದ್ದರೂ ನಮಗೆ ಏನೂ ದಕ್ಕುವುದಿರಲಿಲ್ಲ. ಪಂದ್ಯ 0-4ರಲ್ಲಿ ಮುಗಿಯಿತು. ಮೂರನೆಯ ಗೋಲಿನ ನಂತರ ನಮ್ಮ ಸಾಲಿನ ಅನೇಕರು ಮೆಟ್ರೋ ಹಿಡಿಯಲು ಎದ್ದರು. ನಮ್ಮ ತಂಡದ ಅಭಿಮಾನಿ ಬಳಗವಾದ ವೆಸ್ಟ್ ಬ್ಲಾಕ್ ಬ್ಲೂಸ್‌ನವರು ನಿಂತಿದ್ದ ಪಶ್ಚಿಮದ ಗ್ಯಾಲರಿಯಲ್ಲಿ ಮಾತ್ರ ಡೋಲು ನಿಲ್ಲಲಿಲ್ಲ. ಕೊನೆಯ ಸೀಟಿಯ ನಂತರ ಆಟಗಾರರು ತಲೆ ತಗ್ಗಿಸಿ ಅವರ ಕಡೆಗೆ ನಡೆದು ಬಂದು ಚಪ್ಪಾಳೆ ತಟ್ಟಿದರು, ಅವರೂ ತಟ್ಟಿದರು. ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ಸಿನಲ್ಲಿ ಮರಳುವಾಗ, ತಿಪಟೂರು ದಾಟಿದ ಮೇಲೆ, ನಿದ್ದೆ ಹೋಗಿದ್ದಾನೆ ಎಂದುಕೊಂಡಿದ್ದ ಹುಡುಗ, "ಚಿಕ್ಕಪ್ಪ, ಮುಂದಿನ ಸಲಾನೂ ಬರೋಣ" ಎಂದ. ಮರುವರ್ಷ ಅದೇ ತಂಡ ಫೈನಲ್ ಮುಟ್ಟಿತು. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಅದೇ ಮೋಹನ್ ಬಾಗಾನ್‌ಗೆ ಹೆಚ್ಚುವರಿ ಅವಧಿಯಲ್ಲಿ 1-2ರಿಂದ ಸೋತಾಗ ಅವನು ಆ 0-4ರ ರಾತ್ರಿಯನ್ನು ನೆನಪಿಸಿಕೊಂಡು, ನಾವು ಎಲ್ಲಿಂದ ಎಲ್ಲಿಗೆ ಬಂದೆವು ಎಂದು ಲೆಕ್ಕ ಹಾಕುತ್ತಿದ್ದ. "ನಾವು" ಎಂಬ ಆ ಮಾತು ಅವನ ಬಾಯಿಂದ ಬಂದದ್ದು ಆಗಲೇ ಮೊದಲು.

ಈ ತಂಡದ ನಾಯಕನಾಗಿದ್ದ ಸುನಿಲ್ ಚೆಟ್ರಿ 2018ರ ಜೂನ್‌ನಲ್ಲಿ ಮಾಡಿದ ವಿನಂತಿ ನಿಮಗೆ ನೆನಪಿರಬಹುದು. ಮುಂಬೈಯಲ್ಲಿ ಭಾರತ ಚೀನೀ ತೈಪೆಯನ್ನು 5-0ಯಿಂದ ಸೋಲಿಸಿದ ಪಂದ್ಯಕ್ಕೆ ಬಂದಿದ್ದವರು 2,569 ಮಂದಿ. ಆ ಪಂದ್ಯದಲ್ಲಿ ಚೆಟ್ರಿ ಮೂರು ಗೋಲು ಹೊಡೆದಿದ್ದರು. ಆಮೇಲೆ ಒಂದು ವಿಡಿಯೋದಲ್ಲಿ ಅವರು, ಯುರೋಪಿನ ತಂಡಗಳನ್ನು ಮೆಚ್ಚುವವರು ನಮ್ಮ ಆಟ ಆ ಮಟ್ಟದಲ್ಲಿಲ್ಲ ಎಂದು ಹೇಳುವುದನ್ನು ಒಪ್ಪುತ್ತೇನೆ, ಆದರೂ ಬನ್ನಿ, ಬೈಯುವುದಿದ್ದರೂ ಕ್ರೀಡಾಂಗಣಕ್ಕೆ ಬಂದು ಬೈಯಿರಿ ಎಂಬ ಅರ್ಥದಲ್ಲಿ ಕೈಮುಗಿದು ಕೇಳಿಕೊಂಡರು. ಕೆನ್ಯಾ ಎದುರಿನ ಮುಂದಿನ ಪಂದ್ಯಕ್ಕೆ, ಅದು ಅವರ ನೂರನೆಯ ಅಂತರರಾಷ್ಟ್ರೀಯ ಪಂದ್ಯ, ಕ್ರೀಡಾಂಗಣ ತುಂಬಿತು. ಅಷ್ಟು ದೊಡ್ಡ ಆಟಗಾರ ಕೈಮುಗಿದು ಕರೆಯಬೇಕಾಗಿ ಬಂತಲ್ಲ ಎಂಬ ನೋವು ನನಗೆ ಇನ್ನೂ ಇದೆ.

ಅದಕ್ಕಿಂತ ಹೆಚ್ಚಿನ ನೋವು ನಮ್ಮದೇ ರಾಜ್ಯ ತಂಡದ್ದು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಕಪ್ಪಾದ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೆ ಹಿಂದೆ ನಾವು ಅದನ್ನು ಗೆದ್ದದ್ದು 54 ವರ್ಷಗಳ ಕೆಳಗೆ, ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ. ಅರ್ಜೆಂಟೀನಾ ಕಾದದ್ದು 36 ವರ್ಷ, ಲಿವರ್‌ಪೂಲ್ ಲೀಗ್ ಪ್ರಶಸ್ತಿಗೆ ಕಾದದ್ದು 30 ವರ್ಷ, ನಮ್ಮದು 54. ಆ ವಾರ ಗೋಪಿ ವೃತ್ತದ ಸುತ್ತ ನಾನು ಮಾತಾಡಿಸಿದ ಹತ್ತಾರು ಫುಟ್‌ಬಾಲ್ ಅಭಿಮಾನಿಗಳಲ್ಲಿ ಈ ಸುದ್ದಿ ಗೊತ್ತಿದ್ದವರು ಇಬ್ಬರು. ಗೆದ್ದೆತ್ತಿನ ಬಾಲವನ್ನೂ ಹಿಡಿಯಲು ಜನ ಬಾರದಿದ್ದರೆ ಆ ಎತ್ತಿನ ಗತಿಯೇನು? ಹಳೆಯ ಅಭಿಮಾನಿಗಳೆಂದು ಎದೆ ತಟ್ಟಿಕೊಳ್ಳುವ ನಾವೂ ಈ ಪ್ರಶ್ನೆಗೆ ಉತ್ತರ ಕೊಡಬೇಕು. ಮೆಸ್ಸಿಗಿಂತ ಮುಂಚಿನ ನಾಲ್ವರ ಹೆಸರು ಕೇಳುವವರು ರಿಯಾದ್‌ನಲ್ಲಿ ಕರ್ನಾಟಕಕ್ಕೆ ಆಡಿದ ನಾಲ್ವರ ಹೆಸರು ಹೇಳಬಲ್ಲರೇ?

ಹಿರಿಯರಿಗೆ ಇನ್ನೊಂದು ಮಾತು. ನಮ್ಮ ಕಡೆ ಯಕ್ಷಗಾನಕ್ಕೆ ಹೊಸದಾಗಿ ಬಂದು ಕುಳಿತವನನ್ನು ಯಾರೂ ಪರೀಕ್ಷೆಗೆ ಒಡ್ಡುವುದಿಲ್ಲ. ಎಷ್ಟು ಪ್ರಸಂಗ ನೋಡಿದ್ದೀಯ ಎಂದು ಕೇಳುವುದಿಲ್ಲ. ಪಕ್ಕದ ಅಜ್ಜ ಚಾಪೆಯಲ್ಲಿ ಜಾಗ ಬಿಟ್ಟು, ಈಗ ಬಂದದ್ದು ಇಂಥ ವೇಷ, ಮುಂದೆ ಹೀಗಾಗುತ್ತದೆ ಎಂದು ಕಿವಿಯಲ್ಲಿ ಹೇಳುತ್ತಾರೆ. ಬೆಳಗಿನ ಜಾವದ ಚಳಿಗೆ ಅರ್ಧ ಜನ ಎದ್ದು ಹೋದ ಮೇಲೂ ಆ ಹುಡುಗ ಕುಳಿತಿದ್ದರೆ ಅವನು ನಮ್ಮವನಾದ ಎಂದು ಲೆಕ್ಕ. ಅವನು ಎಂಟು ಗಂಟೆಗೆ ಬಂದನೋ ಹನ್ನೆರಡಕ್ಕೆ ಬಂದನೋ ಯಾರೂ ಎಣಿಸುವುದಿಲ್ಲ. ದುರ್ಗಿಗುಡಿಯ ಆ ಮಹಡಿ ಕೋಣೆಯಲ್ಲಿ ನಾವು ಆ ಅಜ್ಜನ ಕೆಲಸ ಮಾಡಬೇಕಿತ್ತು. ಪಿಎಸ್‌ಜಿ ಹಿಂದೆ ಎಷ್ಟು ಸಲ ಚಾಂಪಿಯನ್ಸ್ ಲೀಗ್ ಕಪ್ಪಿನ ಹತ್ತಿರ ಹೋಗಿ ಕೈ ಚೆಲ್ಲಿತ್ತು, 2017ರಲ್ಲಿ ಬಾರ್ಸಿಲೋನಾ ಎದುರು ಮೊದಲ ಪಂದ್ಯದ 4-0 ಮುನ್ನಡೆಯನ್ನು ಎರಡನೆಯ ಪಂದ್ಯದಲ್ಲಿ 1-6ರಿಂದ ಹೇಗೆ ಕಳೆದುಕೊಂಡಿತ್ತು ಎಂಬುದನ್ನು ನಾವು ಅವನಿಗೆ ಹೇಳಿದ್ದರೆ, ಆ 5-0 ಅವನ ಪಾಲಿಗೆ ಎಷ್ಟು ದೊಡ್ಡದಾಗುತ್ತಿತ್ತು!

ನಮ್ಮ ಬಡಾವಣೆಯ ಹತ್ತಿರದ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಹದಿನಾರರೊಳಗಿನ ಹುಡುಗರೂ ಕೆಲವು ಹುಡುಗಿಯರೂ ಎರಡು ತಂಡ ಮಾಡಿಕೊಂಡು ಆಡುತ್ತಾರೆ. ಒಂದು ತಂಡ ಈ ವರ್ಷ ಹೆಚ್ಚು ಕಡಿಮೆ ಎಲ್ಲ ಪಂದ್ಯವನ್ನೂ ಸೋತಿದೆ. ಗೋಲಿಗೆ ಎರಡು ಕಂಬಗಳಿವೆ, ಬಲೆ ಇಲ್ಲ. ಚೆಂಡು ಕಂಬದ ಒಳಗಿನಿಂದ ಹೋಯಿತೋ ಪಕ್ಕದಿಂದ ಹೋಯಿತೋ ಎಂಬ ಜಗಳ ಪ್ರತಿ ವಾರ ನಡೆಯುತ್ತದೆ. ಗೋಲಿನ ಹಿಂದೆ ನಿಂತು ನೋಡಿ ಹೇಳುವವರಿದ್ದರೆ ಆ ಜಗಳ ಒಂದು ನಿಮಿಷದಲ್ಲಿ ಮುಗಿಯುತ್ತದೆ, ಮಕ್ಕಳು ಅವರ ಮಾತನ್ನು ಒಪ್ಪುತ್ತಾರೆ. ಒಂದು ತುದಿಗೆ ನಾನು ನಿಲ್ಲುತ್ತೇನೆ, ಇನ್ನೊಂದು ತುದಿ ಖಾಲಿ ಇದೆ. ನಿಮ್ಮ ನಿಮ್ಮ ಊರಿನಲ್ಲೂ ಇಂಥದೊಂದು ಮೈದಾನ ಇದ್ದೇ ಇರುತ್ತದೆ, ಅಲ್ಲಿಗೆ ಹೋಗಿ. ನಮ್ಮಲ್ಲಿಗೆ ಬರುವಂತೆ ಸ್ನೇಹಿತರ ಅಕ್ಕನ ಮಗನಿಗೆ ನಾನು ಹೇಳಿ ಕಳಿಸಿದ್ದೇನೆ. ಅವನು ಯಾವ ಅಂಗಿ ತೊಟ್ಟು ಬಂದರೂ ಸರಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಫುಟ್‌ಬಾಲ್ ಅಭಿಮಾನಿ
ಶಿವಮೊಗ್ಗ